ಅಂಜಿದ ಮೈಗೆ ಆರೈಕೆ

(ಹೊರರೋಗಿಗಳ ವಿಭಾಗದ ಸಭಾಂಗಣದಲ್ಲಿ ರೋಗಿಗಳಿಗೆ ಹಾಗೂ ಅವರ ಸಂಬಂಧಿಕರಿಗೆ ನೀಡಿದ ಆರೋಗ್ಯ ತಿಳಿವಳಿಕೆ ಉಪನ್ಯಾಸ)



ಹೋದ ಸಲ ಸಕ್ಕರೆ ಕಾಯಿಲೆಯವರು ಪಾದಗಳನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂದು ಮಾತನಾಡಿದ್ದೆ. ಆಗ ದೇವದುರ್ಗದ ಕಡೆಯಿಂದ ಬಂದ ಒಬ್ಬ ಹಿರಿಯರು, "ಸಿಸ್ಟರ್, ಕಾಲಿನ ಮಾತು ಆಯ್ತು, ಎದಿ ಡವಡವ ಅನ್ನೋದಕ್ಕ ಏನಾರ ಹೇಳ್ರಿ. ಎಲ್ಲಾ ತಪಾಸಣಿ ಆತು, ಏನೂ ಇಲ್ಲಂತಾರ" ಎಂದು ಕೇಳಿದರು. ಅಂದು ಸಮಯವಿರಲಿಲ್ಲ. ಇಂದು ಅದನ್ನೇ ತೆಗೆದುಕೊಂಡಿದ್ದೇನೆ. ದೊಡ್ಡ ಅಪಾಯವೊಂದನ್ನು ಕಂಡು ಬಂದ ಮನುಷ್ಯನ ಮೈಯಲ್ಲಿ ಏನೇನಾಗುತ್ತದೆ, ಆ ಮೈಯನ್ನು ಮತ್ತೆ ಸಮಾಧಾನಕ್ಕೆ ತರುವುದು ಹೇಗೆ ಎಂಬುದು ವಿಷಯ. ವೈದ್ಯರು ಇದನ್ನು ಆಘಾತ ಎನ್ನುತ್ತಾರೆ. ನಾವು ಅಂಜಿಕೆ ಎನ್ನುತ್ತೇವೆ, ದಿಗಿಲು ಎನ್ನುತ್ತೇವೆ.

ಮೊದಲು ನಮ್ಮ ಮಾತನ್ನೇ ಸ್ವಲ್ಪ ಗಮನಿಸಿರಿ. ತಾವು ಕುಳಿತ ಬಸ್ಸು ಒಮ್ಮೆಲೇ ಬ್ರೇಕ್ ಹಾಕಿತು ಎಂದಿಟ್ಟುಕೊಳ್ಳಿ. ಮನೆಗೆ ಹೋಗಿ "ನನ್ನ ಮನಸ್ಸಿನಲ್ಲಿ ಭಯ ಉಂಟಾಯಿತು" ಎಂದು ಯಾರಾದರೂ ಹೇಳುತ್ತೀರಾ? "ಎದಿ ಝಲ್ಲಂತು" ಎನ್ನುತ್ತೀರಿ. "ಕೈಕಾಲು ತಣ್ಣಗಾದ್ವು, ಜೀವ ಬಾಯಿಗೆ ಬಂತು, ಮೈಯೆಲ್ಲ ಮುಳ್ಳೆದ್ವು, ಹೊಟ್ಯಾಗ ಕಲಿಸಿದಂಗಾತು" ಎನ್ನುತ್ತೀರಿ. ಎದೆ, ಕೈ, ಕಾಲು, ಬಾಯಿ, ಚರ್ಮ, ಹೊಟ್ಟೆ. ಓದು ಬರಹ ಬಾರದ ನಮ್ಮ ಅಜ್ಜಿಯರೂ ಅಂಜಿಕೆಗೆ ಮೈಯಲ್ಲೇ ಜಾಗ ಗುರುತಿಸಿಟ್ಟಿದ್ದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ ಎಂಬುದನ್ನು ನಾನು ಕಲಿತದ್ದು ತಡವಾಗಿ. ಅದೂ ನನ್ನ ತಾಯಿಯಿಂದ.

2009ರ ಮಳೆ

ಇಲ್ಲಿರುವ ಬಹಳ ಜನರಿಗೆ 2009ರ ಮಳೆ ನೆನಪಿರಬೇಕು. ಆ ವರ್ಷ ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಕೊಟ್ಟು ಬಂಗಾರದಂಗಿರೋಣ ಎಂದು ಹೇಳಿ ಒಂದೆರಡು ದಿನವಾಗಿರಲಿಲ್ಲ, ಮಳೆ ಹಿಡಿಯಿತು. ಬರಗಾಲದ ಸೀಮೆ ಎಂದು ಹೆಸರಾದ ನಮ್ಮ ರಾಯಚೂರು ಜಿಲ್ಲೆಯಲ್ಲಿ ಹಗಲು ರಾತ್ರಿ ಎನ್ನದೆ ಸುರಿಯಿತು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಅಕ್ಟೋಬರ್ 2ರಂದು ಮಂತ್ರಾಲಯ ಊರೊಳಗೇ ಹೊಳೆ ನುಗ್ಗಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಹೊಳೆಯಲ್ಲಿ ಕೊಚ್ಚಿಕೊಂಡು ಹೋದವರಷ್ಟೇ ಅಲ್ಲ, ನೆನೆದ ಮಣ್ಣಿನ ಗೋಡೆ, ಮಾಳಿಗೆ ಮೈಮೇಲೆ ಬಿದ್ದು ಸತ್ತವರೂ ಅದರಲ್ಲಿದ್ದರು.

ನಮ್ಮದು ಮಾನ್ವಿ ತಾಲೂಕಿನ ಒಂದು ಹಳ್ಳಿ. ನಾನಾಗ ನರ್ಸಿಂಗ್ ಡಿಪ್ಲೊಮಾ ಓದುತ್ತ ಹಾಸ್ಟೆಲ್ಲಿನಲ್ಲಿದ್ದೆ. ಮನೆಯಲ್ಲಿ ಅವ್ವ, ಅಜ್ಜಿ, ತಮ್ಮ ಇದ್ದರು. ಮೂರನೇ ರಾತ್ರಿ ಮಾಳಿಗೆಯಿಂದ ಮೊದಲು ಸಣ್ಣಗೆ ಮಣ್ಣು ಉದುರಿತಂತೆ. ಅವ್ವನಿಗೆ ಏನೋ ಅನುಮಾನ ಬಂದು ಅಜ್ಜಿಯನ್ನು ಎತ್ತಿಕೊಂಡು, ತಮ್ಮನನ್ನು ಎಳೆದುಕೊಂಡು ಅಂಗಳಕ್ಕೆ ಬಂದಳು. ಹಿಂದೆಯೇ ತೊಲೆ ಮುರಿಯಿತು. ಮಾಳಿಗೆ ಪೂರ್ತಿ ಕುಸಿಯಿತು. ಮನೆಯವರೆಲ್ಲ ಉಳಿದರು, ಒಳಗೆ ಕಟ್ಟಿದ್ದ ಎಮ್ಮೆ ಉಳಿಯಲಿಲ್ಲ. ಬೆಳಗಾಗುವವರೆಗೆ ಅದು ಒದರುತ್ತಿತ್ತು ಎಂದು ತಮ್ಮ ಹೇಳುತ್ತಾನೆ. ಅವ್ವ ಆ ಮಾತನ್ನು ಇವತ್ತಿಗೂ ಎತ್ತುವುದಿಲ್ಲ.

ಬಂದವರೆಲ್ಲ "ಜೀವ ಉಳೀತಲ್ಲ, ಅಷ್ಟು ಸಾಕು" ಎಂದರು. ನಾನೂ ಹಾಗೆಯೇ ಅಂದುಕೊಂಡೆ. ಮುಂದೆ ಸರ್ಕಾರದ ನೆರವಿನಿಂದ ಆರ್.ಸಿ.ಸಿ. ಛಾವಣಿಯ ಮನೆಯೂ ಆಯಿತು. ಆದರೆ ಮಳೆಗಾಲ ಬಂದರೆ ಅವ್ವನಿಗೆ ಎದೆ ಹೊಡೆದುಕೊಳ್ಳುವುದು, ಬೆವರುವುದು, ಬೆರಳು ಜುಮುಗುಟ್ಟುವುದು, ಮಧ್ಯರಾತ್ರಿ ಎದ್ದು ಹೊರಗೆ ಹೋಗಿ ಕೂರುವುದು ಶುರುವಾಯಿತು. ಕುತ್ತಿಗೆ ಕಲ್ಲಿನಂತೆ ಬಿಗಿದಿರುತ್ತಿತ್ತು. ಊಟ ಸೇರುತ್ತಿರಲಿಲ್ಲ. ಊರಲ್ಲಿ ಸಲಾಯಿನ್ ಹಚ್ಚಿಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ನಾನು ನೌಕರಿಗೆ ಸೇರಿದ ಮೇಲೆ ರಾಯಚೂರಿಗೆ ಕರೆದುಕೊಂಡು ಬಂದು ಇ.ಸಿ.ಜಿ., ಎಕೋ, ಥೈರಾಯ್ಡ್, ರಕ್ತ, ಎಲ್ಲ ಮಾಡಿಸಿದೆ. ಎಲ್ಲವೂ ನಾರ್ಮಲ್. ನಾನು ಬಹಳ ಸಂತೋಷದಿಂದ, "ಯವ್ವಾ, ನಿನಗೇನೂ ಆಗಿಲ್ಲ, ಎಲ್ಲಾ ನಾರ್ಮಲ್ ಐತಿ" ಎಂದೆ. ಅವ್ವ ನನ್ನ ಮುಖ ನೋಡಿ, "ಹಂಗಾದ್ರ ನಾ ಸುಳ್ಳು ಹೇಳಾಕತ್ತೀನೇನು?" ಎಂದಳು.

ಆ ಪ್ರಶ್ನೆಗೆ ಅಂದು ನನ್ನ ಬಳಿ ಉತ್ತರವಿರಲಿಲ್ಲ. ಡಿಪ್ಲೊಮಾ ಪಾಸಾಗಿದ್ದೆ, ಯೂನಿಫಾರ್ಮ್ ಹಾಕಿಕೊಂಡಿದ್ದೆ, ಆದರೂ ಇರಲಿಲ್ಲ. ಇಂದು ತಮ್ಮ ಮುಂದೆ ಹೇಳುತ್ತಿರುವುದು ಆ ಉತ್ತರವನ್ನೇ.

ಮೈಯೊಳಗೆ ಏನಾಗುತ್ತದೆ?

ನಮ್ಮ ಮಿದುಳಿನ ಒಳಭಾಗದಲ್ಲಿ ಬಾದಾಮಿ ಬೀಜದಷ್ಟು ದೊಡ್ಡದಾದ ಒಂದು ಭಾಗವಿದೆ. ಅಮಿಗ್ಡಲಾ ಎಂದು ಅದರ ಹೆಸರು. ಅಪಾಯ ಕಂಡ ಕೂಡಲೇ, ನಾವು ವಿಚಾರ ಮಾಡುವ ಮುಂಚೆಯೇ, ಅದು ಮೈಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಾಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ವೇಗವಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಹೊಟ್ಟೆಯ ಕಡೆಗೆ ಹೋಗುವ ರಕ್ತ ಕಡಿಮೆಯಾಗಿ ತೊಡೆ, ತೋಳುಗಳ ಕಡೆಗೆ ಹರಿಯುತ್ತದೆ. ಓಡಬೇಕು, ಇಲ್ಲವೇ ಎದುರಿಸಬೇಕು, ಅದಕ್ಕೆ ತಯಾರಿ ಇದು. ಅವ್ವ ಅಷ್ಟು ಭಾರದ ಅಜ್ಜಿಯನ್ನು ಎತ್ತಿಕೊಂಡು ಹೊಸ್ತಿಲು ದಾಟಿದ್ದು ಇದೇ ಶಕ್ತಿಯಿಂದ. ಹಾಗಾಗಿ ಇದು ರೋಗವಲ್ಲ. ನಮ್ಮನ್ನು ಉಳಿಸುವ ಏರ್ಪಾಡು.

ಮೂರನೆಯದೂ ಒಂದಿದೆ. ಓಡಲೂ ಆಗದು, ಎದುರಿಸಲೂ ಆಗದು ಎಂದಾಗ ಮೈ ಮರಗಟ್ಟಿ ನಿಂತುಬಿಡುತ್ತದೆ. ಹೊಲದಲ್ಲಿ ನಾಯಿ ಕಂಡ ಮೊಲ ಕಲ್ಲಿನಂತೆ ಕೂರುವುದನ್ನು ನೋಡಿದ್ದೀರಿ. ಧ್ವನಿ ಹೊರಡುವುದಿಲ್ಲ, ಕೈ ಏಳುವುದಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಹೆಣ್ಣುಮಗಳ ಮೇಲೆ, ಮಗುವಿನ ಮೇಲೆ ಯಾರಾದರೂ ದೌರ್ಜನ್ಯ ಮಾಡಿದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ "ಯಾಕ ಚೀರಲಿಲ್ಲ?" ಎಂಬುದು. ಚೀರಬಾರದೆಂದು ಅವಳು ನಿರ್ಧರಿಸಲಿಲ್ಲ, ಅವಳ ಮೈ ನಿರ್ಧರಿಸಿತು. ದಯವಿಟ್ಟು ಆ ಪ್ರಶ್ನೆಯನ್ನು ಯಾರಿಗೂ ಕೇಳಬೇಡಿರಿ.

ಅಪಾಯ ಕಳೆದ ಮೇಲೆ ಮೈ ತಾನಾಗಿ ಇಳಿಯಬೇಕು. ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ಇಳಿಯುವುದಿಲ್ಲ. ನಮ್ಮ ಹೊಲದ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸಿರುತ್ತೇವಲ್ಲ, ಹಾಗೆ. ರಾತ್ರಿ ಎರಡಕ್ಕೆ ಕರೆಂಟ್ ಬಂದರೂ ಮೋಟರ್ ತಾನೇ ಶುರುವಾಗುತ್ತದೆ. ಹೊಲಕ್ಕೆ ನೀರು ಬೇಕೋ ಬೇಡವೋ, ಬಾವಿಯಲ್ಲಿ ನೀರಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಅವ್ವನಿಗೆ ಛಾವಣಿಯ ಮೇಲೆ ಮಳೆಯ ಸಪ್ಪಳವೇ ಆ ಕರೆಂಟು. ಇನ್ನೊಬ್ಬರಿಗೆ ಲಾರಿಯ ಹಾರ್ನ್, ಮತ್ತೊಬ್ಬರಿಗೆ ಸೀಮೆಎಣ್ಣೆಯ ವಾಸನೆ, ಕುಡಿದು ಬಂದ ಗಂಡನ ಚಪ್ಪಲಿ ಸದ್ದು. ಮೋಟರ್ ಕೆಟ್ಟಿಲ್ಲ, ಆದ್ದರಿಂದ ಇ.ಸಿ.ಜಿ.ಯಲ್ಲಿ ಏನೂ ಕಾಣುವುದಿಲ್ಲ. ಎದೆ ಹೊಡೆದುಕೊಳ್ಳುವುದು ಮಾತ್ರ ನಿಜ.

ಬೆರಳು ಜುಮುಗುಟ್ಟುವುದು, ಕೈ ಸೆಟೆದುಕೊಳ್ಳುವುದಕ್ಕೂ ಕಾರಣವಿದೆ. ಅಂಜಿಕೆಯಲ್ಲಿ ಏದುಸಿರು ಬಿಟ್ಟಾಗ ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ. ಆಗ ತಲೆ ತಿರುಗುತ್ತದೆ, ಬೆರಳು ಸೊಟ್ಟಗಾಗುತ್ತವೆ. ಇದನ್ನೇ ನೋಡಿ "ಗಾಳಿ ಸೋಕ್ಯದ" ಎನ್ನುತ್ತಾರೆ. ತಾಯತ ಕಟ್ಟಿಸಿಕೊಂಡರೆ ನನ್ನ ತಕರಾರಿಲ್ಲ, ಅದರಿಂದ ಕೆಲವರಿಗೆ ಧೈರ್ಯ ಬರುತ್ತದೆ. ಆದರೆ ಮೆಣಸಿನಕಾಯಿ ಹೊಗೆ ಹಾಕುವುದು, ಬೇವಿನ ಬರಲಿನಿಂದ ಹೊಡೆಯುವುದು ಬೇಡ. ಈಗಾಗಲೇ ಅಂಜಿದ ಮೈಗೆ ಅದು ಇನ್ನೊಂದು ಅಪಾಯ.

ಇದು ಇಂದಿನ ಹೊಸ ಸಂಶೋಧನೆಯೇನೂ ಅಲ್ಲ. ಮೊದಲ ಮಹಾಯುದ್ಧದಲ್ಲೇ ನಡುಗುವ, ಮಾತು ನಿಂತುಹೋದ ಸೈನಿಕರನ್ನು ವೈದ್ಯರು ಕಂಡಿದ್ದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಈಗಿನ ಹೆಸರು ಬಂತು. ನಮ್ಮಲ್ಲಿ 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ಬಹಳ ಮಕ್ಕಳು ತೀರಿಕೊಂಡಾಗ, ಆ ಮನೆಗಳವರ ಸ್ಥಿತಿಯನ್ನು ನಿಮ್ಹಾನ್ಸ್ ಸಂಸ್ಥೆಯವರು ಅಧ್ಯಯನ ಮಾಡಿದರು. ಮುಂದೆ ಒಡಿಶಾದ ಚಂಡಮಾರುತ, ಗುಜರಾತಿನ ಭೂಕಂಪ, 2004ರ ಸುನಾಮಿ, ಎಲ್ಲ ಕಡೆಯೂ ಊರಿನ ಜನರಿಗೇ ತರಬೇತಿ ಕೊಟ್ಟು ಆರೈಕೆ ಮಾಡುವ ಕ್ರಮವನ್ನು ಬೆಳೆಸಿದರು. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ಭಾಗದವರಿಗೆ ಈ ಸಂಗತಿ ಅಷ್ಟಾಗಿ ಗೊತ್ತಿಲ್ಲ, ಅದಕ್ಕೆ ಹೇಳಿದೆ.

ಮೈಯಿಂದಲೇ ಆರಂಭಿಸೋಣ

"ಅಂಜಬ್ಯಾಡ, ಧೈರ್ಯ ತಗೋ" ಎಂದು ಹೇಳಿದರೆ ಆಟೋ ಸ್ಟಾರ್ಟರ್ ಕೇಳುವುದಿಲ್ಲ. ಅದಕ್ಕೆ ಮೈಯ ಭಾಷೆಯಲ್ಲೇ ಹೇಳಬೇಕು. ಎಲ್ಲರೂ ಕುಳಿತಲ್ಲೇ ಒಮ್ಮೆ ಮಾಡಿ ನೋಡೋಣ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಹೊಲಿಗೆ ಇರುವವರು ನೋವಿರುವ ಭಾಗ ಬಿಟ್ಟು ಮಾಡಿರಿ.

ಚಪ್ಪಲಿ ಕಳಚಿ ಎರಡೂ ಪಾದ ನೆಲಕ್ಕೆ ಊರಿರಿ. ನೆಲ ತಣ್ಣಗಿದೆಯೋ, ಬೆಚ್ಚಗಿದೆಯೋ ಗಮನಿಸಿರಿ. ಬೆನ್ನು ಬೆಂಚಿಗೆ ತಾಗಲಿ. ಕಣ್ಣು ಮುಚ್ಚಬೇಡಿರಿ. ಆಘಾತವಾದವರಿಗೆ ಕಣ್ಣು ಮುಚ್ಚಿದರೆ ಅದೇ ದೃಶ್ಯ ಎದುರು ಬರುತ್ತದೆ, ಆದ್ದರಿಂದ ತೆರೆದೇ ಇರಲಿ. ಸುತ್ತ ಕಾಣುವ ಐದು ವಸ್ತುಗಳ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿರಿ: ಫ್ಯಾನು, ಕಿಟಕಿ, ನೀರಿನ ಕ್ಯಾನು, ಹೀಗೆ. ಈಗ ಮೂಗಿನಿಂದ ಮೂರು ಎಣಿಸುವವರೆಗೆ ಉಸಿರು ತೆಗೆದುಕೊಳ್ಳಿ. ಹಿಡಿದಿಡಬೇಡಿರಿ. ಬಿಸಿ ಚಹಾ ಆರಿಸುವಾಗ ಊದುವ ಹಾಗೆ, ತುಟಿ ಸಣ್ಣ ಮಾಡಿ ಆರು ಎಣಿಸುವವರೆಗೆ ಮೆಲ್ಲಗೆ ಬಿಡಿ. ಒಳಗೆ ತೆಗೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಬೇಕು, ಗುಟ್ಟು ಅಷ್ಟೇ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಮಿದುಳಿನಿಂದ ಹೊರಟು ಕುತ್ತಿಗೆಯ ಮೂಲಕ ಹೃದಯ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರ ಈ ಕೆಲಸ ಮಾಡುತ್ತದೆ. ಎಂಟು ಹತ್ತು ಸಲ ಮಾಡಿದರೆ ಸಾಕು. ತಲೆ ತಿರುಗಿದರೆ ನಿಲ್ಲಿಸಿ ಸಹಜವಾಗಿ ಉಸಿರಾಡಿರಿ.

ಇನ್ನೊಂದು. ಎರಡೂ ಮುಷ್ಟಿ ಬಿಗಿಯಾಗಿ ಕಟ್ಟಿ, ಐದು ಎಣಿಸಿ, ಒಮ್ಮೆಲೇ ಬಿಡಿ. ಬಿಟ್ಟಾಗ ಕೈಗೆ ಹೇಗನಿಸಿತು? ಹಾಗೆಯೇ ಭುಜಗಳನ್ನು ಕಿವಿಯವರೆಗೆ ಎತ್ತಿ ಬಿಡುವುದು, ಹಲ್ಲು ಕಚ್ಚಿ ಸಡಿಲಿಸುವುದು, ಕಾಲ್ಬೆರಳು ಮಡಚಿ ಬಿಡುವುದು. ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯರು ನೂರು ವರ್ಷಗಳ ಹಿಂದೆ ರೂಪಿಸಿದ ಕ್ರಮವಿದು. ಬಹಳ ದಿನ ಬಿಗಿದುಕೊಂಡೇ ಇರುವ ಮೈಗೆ ತಾನು ಬಿಗಿದಿದ್ದೇನೆ ಎಂಬುದೇ ಮರೆತಿರುತ್ತದೆ. ಇದನ್ನು ಮಾಡಿದಾಗ ನೆನಪಾಗುತ್ತದೆ.

ಕೈಗೆ ತಾಳವಿರುವ ಕೆಲಸ ಕೊಡುವುದೂ ಒಳ್ಳೆಯದು. ರೊಟ್ಟಿ ಬಡಿಯುವುದು, ಕೌದಿ ಹೊಲಿಯುವುದು, ಭಜನೆಗೆ ಚಪ್ಪಾಳೆ ತಟ್ಟುವುದು, ಮುಂಜಾನೆ ಹೊಲದ ಬದುವಿನ ಮೇಲೆ ನಡೆಯುವುದು. ಇವುಗಳಿಂದಲೇ ರೋಗ ಗುಣವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮೈ ಮತ್ತೆ ತನ್ನದಾಗುವುದಕ್ಕೆ ಸಹಾಯವಾಗುತ್ತದೆ, ಅಷ್ಟು ಮಾತ್ರ ಹೇಳಬಲ್ಲೆ.

ಯೋಗದ ಬಗ್ಗೆ ಕೇಳುತ್ತೀರಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. 2014ರಲ್ಲಿ ಅಮೆರಿಕದಲ್ಲಿ, ಬಹುಕಾಲದ ಆಘಾತದಿಂದ ನರಳುತ್ತಿದ್ದ 64 ಹೆಣ್ಣುಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ಹತ್ತು ವಾರ, ವಾರಕ್ಕೊಂದು ತಾಸು ಯೋಗ ಹೇಳಿಕೊಟ್ಟರು. ಕೊನೆಗೆ ಯೋಗ ಮಾಡಿದ 31 ಜನರಲ್ಲಿ 16 ಜನ ಆ ಕಾಯಿಲೆಯ ಮಟ್ಟದಿಂದ ಹೊರಬಂದಿದ್ದರು. ಆರೋಗ್ಯ ಪಾಠ ಮಾತ್ರ ಕೇಳಿದ 29 ಜನರಲ್ಲಿ ಹೊರಬಂದವರು 6 ಮಂದಿ. 2008ರ ಬಿಹಾರದ ನೆರೆಯಲ್ಲಿ ಬದುಕುಳಿದ 22 ಗಂಡಸರ ಮೇಲೆ ಡಾ. ಶರ್ಲಿ ಟೆಲ್ಲಿಸ್ ಅವರ ತಂಡ ಮಾಡಿದ ಅಧ್ಯಯನದಲ್ಲಿ, ಒಂದು ವಾರದ ಯೋಗದಿಂದ ದುಃಖ ಕಡಿಮೆಯಾಯಿತು, ಆದರೆ ಉಳಿದ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇವು ಸಣ್ಣ ಅಧ್ಯಯನಗಳು. ಭರವಸೆ ಇದೆ, ಪವಾಡವಿಲ್ಲ. ಒಂದೇ ಶಿಬಿರದಲ್ಲಿ ಎಲ್ಲ ಅಂಜಿಕೆ ತೆಗೆಯುತ್ತೇವೆಂದು ಹಣ ಕೇಳುವವರಿಂದ ದೂರವಿರಿ.

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಸೂಚಿಸಿದ ಚಿಕಿತ್ಸೆಗಳಲ್ಲಿ ಎರಡನ್ನು ಹೇಳುತ್ತೇನೆ. ಒಂದು, ತರಬೇತಿ ಪಡೆದವರ ಜೊತೆ ಹಂತಹಂತವಾಗಿ ನಡೆಸುವ ಮಾತಿನ ಚಿಕಿತ್ಸೆ. ಇನ್ನೊಂದು, ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಚಿಕಿತ್ಸಕರ ಬೆರಳಿನ ಜೊತೆ ಕಣ್ಣಾಡಿಸುವ ಇ.ಎಂ.ಡಿ.ಆರ್. ಎಂಬ ಪದ್ಧತಿ. ಅದೇ ಸಂಸ್ಥೆ, ಆಘಾತವಾದ ಮೊದಲ ತಿಂಗಳಲ್ಲಿ ನಿದ್ದೆ ಗುಳಿಗೆಯಂಥ ಔಷಧಿಗಳನ್ನು ಈ ಲಕ್ಷಣಗಳಿಗಾಗಿ ಕೊಡಬಾರದು ಎಂದಿದೆ. ನಮ್ಮಲ್ಲಿ ಮೆಡಿಕಲ್ ಶಾಪಿಗೆ ಹೋಗಿ "ನಿದ್ದಿ ಗುಳಿಗಿ ಕೊಡ್ರಿ" ಎಂದು ಕೇಳುವುದು ಸಾಮಾನ್ಯವಾಗಿದೆ. ಗಂಡಸರಾದರೆ ಕುಡಿದು ಮಲಗುತ್ತಾರೆ. ಎರಡೂ ಆರಂಭದಲ್ಲಿ ಸುಖ ಕೊಟ್ಟು ಆಮೇಲೆ ಚಟವಾಗುತ್ತವೆ. ಈಗಾಗಲೇ ಬಹಳ ದಿನಗಳಿಂದ ಗುಳಿಗೆ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಬೇಡಿರಿ, ವೈದ್ಯರನ್ನು ಕೇಳಿ ಇಳಿಸಿರಿ.

ಜೊತೆಗಿರುವವರಿಗೆ

2024ರ ಸೆಪ್ಟೆಂಬರ್ 5ರಂದು ಮಾನ್ವಿ ತಾಲೂಕಿನ ಕಪಗಲ್ ಬಳಿ ಶಾಲಾ ಮಕ್ಕಳಿದ್ದ ಬಸ್ಸಿಗೆ ಅಪಘಾತವಾಗಿ ಇಬ್ಬರು ಮಕ್ಕಳು ತೀರಿಕೊಂಡದ್ದು, ಹಲವರ ಕಾಲುಗಳಿಗೆ ತೀವ್ರ ಪೆಟ್ಟಾದದ್ದು ನಮ್ಮ ಜಿಲ್ಲೆಯವರು ಮರೆಯುವಂಥದ್ದಲ್ಲ. ಅಂಥ ಅಪಘಾತಗಳಲ್ಲಿ ಕಾಲನ್ನೋ ಕೈಯನ್ನೋ ಕಳೆದುಕೊಂಡವರು "ಇಲ್ಲದ ಕಾಲು ನೋಯುತ್ತದೆ, ಬೆರಳು ತುರಿಸುತ್ತದೆ" ಎಂದು ಹೇಳಿದರೆ ಹುಚ್ಚು ಎನ್ನಬೇಡಿರಿ, ನಟನೆ ಎನ್ನಬೇಡಿರಿ. ಮಿದುಳಿನಲ್ಲಿ ಆ ಕಾಲಿನ ಜಾಗ ಇನ್ನೂ ಇದೆ. 1990ರ ದಶಕದಲ್ಲಿ ವಿ.ಎಸ್. ರಾಮಚಂದ್ರನ್ ಎಂಬ ನಮ್ಮ ದೇಶದ ಮೂಲದ ವಿಜ್ಞಾನಿ ಕನ್ನಡಿಯ ಉಪಾಯ ಕಂಡುಹಿಡಿದರು. ಉಳಿದ ಕಾಲಿನ ಪ್ರತಿಬಿಂಬವನ್ನು ಇಲ್ಲದ ಕಾಲಿನ ಜಾಗದಲ್ಲಿ ಕಾಣುವಂತೆ ಕನ್ನಡಿ ನಿಲ್ಲಿಸಿ, ಅದನ್ನು ನೋಡುತ್ತ ಕಾಲಾಡಿಸಿದಾಗ ಕೆಲವರಿಗೆ ನೋವು ತಗ್ಗುತ್ತದೆ. ಫಿಸಿಯೋಥೆರಪಿಸ್ಟರನ್ನು ಕೇಳಿರಿ.

ವಾರ್ಡಿನಲ್ಲಿ ರೋಗಿಯನ್ನು ಮುಟ್ಟುವ ಮುಂಚೆ ಹೆಸರು ಹಿಡಿದು ಕರೆಯಿರಿ, ಏನು ಮಾಡುತ್ತೀರೆಂದು ಹೇಳಿ ಆಮೇಲೆ ಮುಟ್ಟಿರಿ. ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರಿಗೂ ನಾನು ಮೊದಲು ಕಲಿಸುವುದು ಇದನ್ನೇ. ಹಿಂದಿನಿಂದ ಹೋಗಿ ಹೌಹಾರಿಸಬೇಡಿರಿ. ನೋಡಲು ಬಂದ ಪ್ರತಿಯೊಬ್ಬರಿಗೂ "ಹೆಂಗಾತು, ಎಲ್ಲಾಗಿತ್ತು" ಎಂದು ಮೊದಲಿನಿಂದ ಕಥೆ ಹೇಳಿಸಬೇಡಿರಿ. ಅವರಾಗಿಯೇ ಹೇಳಿದರೆ ಕೇಳಿರಿ, ಹೇಳದಿದ್ದರೆ ಸುಮ್ಮನೆ ಪಕ್ಕದಲ್ಲಿ ಕುಳಿತಿರಿ. ಮಕ್ಕಳಾದರೆ ದೊಡ್ಡವರಾದ ಮೇಲೂ ಹಾಸಿಗೆ ಒದ್ದೆ ಮಾಡುವುದು, ಸೆರಗು ಬಿಡದಿರುವುದು, ಆದ ಘಟನೆಯನ್ನೇ ಆಟದಲ್ಲಿ ಮತ್ತೆ ಮತ್ತೆ ಆಡುವುದು ಕಾಣಬಹುದು. ಬೈಯಬೇಡಿರಿ. ಊಟ, ನಿದ್ದೆ, ಶಾಲೆ ಮೊದಲಿನ ಹೊತ್ತಿಗೇ ನಡೆಯಲಿ. ತಮ್ಮ ಮೈಯನ್ನೂ ನೋಡಿಕೊಳ್ಳಿರಿ. ಮೂರು ದಿನ ನಿದ್ದೆಗೆಟ್ಟು ಕಾಯ್ದ ಸಂಬಂಧಿಕರು ನಮ್ಮ ವರಾಂಡದಲ್ಲೇ ಬಿದ್ದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಒಂದು ಎಚ್ಚರಿಕೆ. ಎದೆ ನೋವು ಬಂದಾಗ ಅದು ಅಂಜಿಕೆಯೇ ಎಂದು ಮನೆಯಲ್ಲಿ ತೀರ್ಮಾನಿಸಬೇಡಿರಿ. ಎಡಗೈ, ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಉಬ್ಬಸ ಇದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿರಿ. ಹೃದಯ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲೆಯೇ ಈ ಮಾತುಗಳು ಅನ್ವಯಿಸುತ್ತವೆ.

ಒಂದು ತಿಂಗಳಾದರೂ ನಿದ್ದೆ ಬಾರದಿದ್ದರೆ, ಕೆಟ್ಟ ಕನಸು ನಿಲ್ಲದಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ರಾಯಚೂರಿನ ರಿಮ್ಸ್ ಇದೆ. ತಾಲೂಕಾ ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ತಜ್ಞರು ಯಾವ ದಿನ ಬರುತ್ತಾರೆಂದು ದೇವದುರ್ಗ, ಮಾನ್ವಿಯವರು ಅಲ್ಲಿಯೇ ವಿಚಾರಿಸಿರಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲೇ ಹೊಡೆತ ಬಡಿತ ನಡೆಯುತ್ತಿದ್ದರೆ ಉಸಿರಾಟದ ಅಭ್ಯಾಸವೊಂದೇ ಸಾಲದು, ಮೊದಲು ಸುರಕ್ಷಿತ ಜಾಗ ಬೇಕು. ಅದಕ್ಕೆ ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.

ಅವ್ವನ ವಿಷಯ ಕೇಳುತ್ತೀರಿ. ಮನೋವೈದ್ಯರ ಹತ್ತಿರ ಹೋಗೋಣವೆಂದಾಗ "ನನಗ ಹುಚ್ಚು ಹಿಡಿದಿಲ್ಲ" ಎಂದು ಎರಡು ವರ್ಷ ಒಪ್ಪಲಿಲ್ಲ. ನಾನು ಒತ್ತಾಯ ಬಿಟ್ಟು, "ಯವ್ವಾ, ನೀ ಸುಳ್ಳು ಹೇಳ್ಲಿಲ್ಲ, ನಂದೇ ತಪ್ಪಾಗಿತ್ತು" ಎಂದ ಮೇಲೆ ಬಂದಳು. ವೈದ್ಯರ ಮಾತು, ಕೆಲವು ತಿಂಗಳು ಗುಳಿಗೆ, ಮುಷ್ಟಿ ಕಟ್ಟಿ ಬಿಡುವುದು, ಉಸಿರಾಟ, ಇವೆಲ್ಲ ನಡೆದವು. ಮಳೆಗಾಲಕ್ಕೆಂದೇ ಒಂದು ಕೌದಿ ಹೊಲಿಗೆ ಇಟ್ಟುಕೊಂಡಿದ್ದಾಳೆ. ಮೋಡ ಕಟ್ಟಿದರೆ ಬಾಗಿಲ ಹತ್ತಿರ ಕುಳಿತು ಸೂಜಿ ಹಿಡಿಯುತ್ತಾಳೆ. ಪೂರ್ತಿ ಗುಣವಾಗಿದೆ ಎಂದು ಹೇಳಲಾರೆ. ಹೋದ ಮಳೆಗಾಲದಲ್ಲಿ ಮಾತ್ರ ಮೊದಲ ಸಲ ಒಳಗಿನ ಕೋಣೆಯಲ್ಲಿ ಮಲಗಿದಳು. ಬಾಗಿಲು ತೆರೆದಿರಲಿ, ಲೈಟು ಹಚ್ಚಿಡು ಎಂದಳು. ಹಚ್ಚಿಟ್ಟೆವು.

ಔಷಧಿ ಕೌಂಟರಿನ ಮುಂದೆ ಈಗ ಗದ್ದಲವಿದೆ, ತಮ್ಮ ಸರದಿ ಬರುವವರೆಗೆ ನಾನು ಇಲ್ಲಿಯೇ ಬೆಂಚಿನ ಮೇಲಿರುತ್ತೇನೆ. ಎಲ್ಲರ ಮುಂದೆ ಕೇಳಲು ಸಂಕೋಚವಿರುವವರು ಪಕ್ಕಕ್ಕೆ ಬಂದು ಕೇಳಬಹುದು.